ಮೊಣಕಾಲೆತ್ತರದ ಬೆಂಕಿ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಗಂಟೆ ಮೂರು ಕಳೆದಿದೆ ಎಂದಿಟ್ಟುಕೊಳ್ಳಿ. ಕೊಪ್ಪ ಪೇಟೆಗೆ ಅಂಟಿಕೊಂಡಂತಿರುವ ಬಾಳಗಡಿಯಲ್ಲಿ ನೀವು ಬಸ್ಸಿಗೆ ಕಾಯುತ್ತಿದ್ದೀರಿ. ಅಡಿಕೆ ಕೊಯ್ಲು ಮುಗಿದು ತಿಂಗಳಾಗಿದೆ, ರೊಬಸ್ಟಾ ಕೂಡ ಒಣಗಿ ಮೂಟೆ ಸೇರಿದೆ, ಯಾರ ಬಾಯಲ್ಲಿ ಕೇಳಿದರೂ ಹೂಮಳೆಯ ಮಾತು. ಆಗ ಎದುರು ಗುಡ್ಡದ ಹಿಂದಿನಿಂದ ಹೊಗೆ ಏಳುತ್ತದೆ. ಮೊದಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೋಟದ ಕಸ ಸುಡುತ್ತಿರಬೇಕು. ಹತ್ತು ನಿಮಿಷದಲ್ಲಿ ಹೊಗೆ ಅಗಲವಾಗುತ್ತದೆ. ಅಂಗಡಿಯ ಹುಡುಗ ಫೋನ್ ಎತ್ತಿ ಯಾರಿಗೋ, "ಅಣ್ಣ, ಮೇಲಿನ ಹಕ್ಕಲಿಗೆ ಬೆಂಕಿ ಬಿದ್ದಂಗೆ ಕಾಣ್ತದೆ, ಗಾರ್ಡಿಗೆ ಹೇಳಿ" ಎನ್ನುತ್ತಾನೆ.

ಜೀಪು ಬಂದು ನಿಲ್ಲುತ್ತದೆ. ಹಿಂದೆ ಜಾಗವಿದೆ, ಹತ್ತಿ. ಒಳಗೆ ಒಬ್ಬ ಗಾರ್ಡ್, ಬೇಸಿಗೆಗೆಂದು ಸೇರಿಸಿಕೊಂಡ ನಾಲ್ವರು ವಾಚರ್‌ಗಳು, ಕತ್ತಿಗಳು, ಒಂದು ಬ್ಲೋವರ್, ಔಷಧಿ ಹೊಡೆಯುವ ಬೆನ್ನಿನ ಪಂಪು, ಕ್ಯಾನುಗಳಲ್ಲಿ ನೀರು. ಮೂಲೆಯಲ್ಲಿ ಕಾಡಿನ ಬೆಂಕಿಯ ಮೇಲೆ ಸಂಶೋಧನೆ ಮಾಡುತ್ತಿರುವ ಯುವತಿಯೊಬ್ಬಳು. ಎಲ್ಲರಿಗೂ ಅವಳು ಮೇಡಂ. ದಾರಿಯಲ್ಲಿ ಎಪ್ಪತ್ತರ ಮುದುಕರೊಬ್ಬರು ಕೈ ಅಡ್ಡ ಹಿಡಿದು ಜೀಪು ನಿಲ್ಲಿಸುತ್ತಾರೆ. ಅವರ ತೋಟ ಇರುವುದು ಆ ಗುಡ್ಡದ ಬುಡದಲ್ಲೇ. "ಅಜ್ಜಯ್ಯ, ನೀವು ಎಂತಕ್ಕೆ ಬರ್ತೀರಿ, ಮನೇಲಿರಿ" ಎಂದು ಗಾರ್ಡ್ ಹೇಳುವಷ್ಟರಲ್ಲಿ ಅವರು ಹತ್ತಿ ಕೂತಾಗಿದೆ.

"ಸ್ಯಾಟಲೈಟ್ ಮೆಸೇಜ್ ಬಂತಾ?" ಎಂದು ಮೇಡಂ ಕೇಳುತ್ತಾಳೆ. ಗಾರ್ಡ್ ನಗುತ್ತಾನೆ. "ಅದು ಬರೋದು ರಾತ್ರಿಗೆ."

ಅವನು ಗೇಲಿ ಮಾಡುತ್ತಿಲ್ಲ, ಲೆಕ್ಕ ಹೇಳುತ್ತಿದ್ದಾನೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹಗಳ ಕಣ್ಣಿಗೆ ಬಿದ್ದ ಬಿಸಿಯ ಚುಕ್ಕೆಗಳನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಮೊದಲಿದ್ದ ಮೋಡಿಸ್ ಉಪಕರಣದಲ್ಲಿ ಒಂದು ಚುಕ್ಕೆಯೆಂದರೆ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ನೆಲ. ನಂತರ ಬಂದ ವೀರ್ಸ್ ಅದನ್ನು 375 ಮೀಟರಿಗೆ ಇಳಿಸಿತು. ಆದರೂ ಒಂದೊಂದು ಚುಕ್ಕೆ ಸುಮಾರು 35 ಎಕರೆ. ಅಷ್ಟೂ ಸುಟ್ಟಿದೆ ಎಂದೇನಲ್ಲ, ಅದರೊಳಗೆ ಎಲ್ಲೋ ಉರಿಯುತ್ತಿದೆ ಎಂದಷ್ಟೇ ಅರ್ಥ. ಹೆಸರು ನೋಂದಾಯಿಸಿಕೊಂಡರೆ ನಿಮ್ಮ ಫೋನಿಗೂ ಆ ಸಂದೇಶ ಬರುತ್ತದೆ. ತೊಡಕಿರುವುದು ಹೊತ್ತಿನಲ್ಲಿ. ವೀರ್ಸ್ ಹೊತ್ತ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ, ಮತ್ತೆ ನಡುರಾತ್ರಿ ಒಂದೂವರೆಯ ಆಸುಪಾಸಿಗೆ. ಮೂರು ಗಂಟೆಗೆ ಹತ್ತಿದ ಬೆಂಕಿ ಅವುಗಳ ಪಾಲಿಗೆ ಇನ್ನೂ ಹುಟ್ಟಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಇವತ್ತಿಗೂ ಮೊದಲ ಸುದ್ದಿ ತರುವವರು ಬಸ್ ಡ್ರೈವರ್, ದನ ಅಟ್ಟಿಕೊಂಡು ಹೋದವರು, ಇಲ್ಲವೇ ಅಂಗಡಿಯ ಹುಡುಗ.

ರಸ್ತೆ ಏರುತ್ತದೆ. ಕೊಪ್ಪ ಅರಣ್ಯ ವಿಭಾಗದ್ದೊಂದು ವಿಚಿತ್ರ. ಪಶ್ಚಿಮಕ್ಕೆ ಶೃಂಗೇರಿ ದಾಟಿ ಕೆರೆಕಟ್ಟೆಯತ್ತ ಹೋದರೆ ಬಲಗಿ, ಹೈಗ, ರಾಮಪತ್ರೆಗಳ ನಿತ್ಯಹರಿದ್ವರ್ಣ. ನೆಲದ ಮೇಲೆ ಬೇಸಿಗೆಯಲ್ಲೂ ಒದ್ದೆ ಆರದ ಕಾಡು. ಪೂರ್ವಕ್ಕೆ ಬಾಳೆಹೊನ್ನೂರು ದಾಟಿ ನರಸಿಂಹರಾಜಪುರ, ಮುತ್ತಿನಕೊಪ್ಪದತ್ತ ಹೋದರೆ ಮಳೆ ಅರ್ಧದಷ್ಟಾಗಿ, ಸಾಗುವಾನಿ, ಮತ್ತಿ, ಬಿದಿರುಗಳ ಎಲೆ ಉದುರುವ ಕಾಡು. ನಡುವೆ ಕೊಪ್ಪ, ಎರಡರ ಗುಣವನ್ನೂ ಸ್ವಲ್ಪ ಸ್ವಲ್ಪ ಹೊತ್ತುಕೊಂಡು. ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟದೊಳಗೆ ಬೆಂಕಿಗೆ ಹೊಂದಿಕೊಂಡ ಕಾಡನ್ನೂ ಬೆಂಕಿಯನ್ನೇ ಕಾಣದ ಕಾಡನ್ನೂ ನೋಡಿ ಬರಬಹುದು. ಇದನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಿ, ನಾಳೆ ಬೆಳಗ್ಗೆ ಬೇಕಾಗುತ್ತದೆ.

ಜೀಪು ನಿಂತಲ್ಲಿಂದ ನಡಿಗೆ. ಕಿವಿಗೆ ಮೊದಲು ತಲುಪುವುದು ಚಟಪಟ ಸದ್ದು, ಆಮೇಲೆ ಯುಪಟೋರಿಯಂ ಕಳೆ ಸುಟ್ಟ ಘಾಟು. ನೀವು ಸಿನಿಮಾದಲ್ಲಿ ನೋಡಿದ ಬೆಂಕಿಯನ್ನು ನಿರೀಕ್ಷಿಸಿದ್ದರೆ ಇಲ್ಲಿ ನಿರಾಶೆಯೇ. ಮರದ ತಲೆಗೆ ಹಾರುವ ಜ್ವಾಲೆಯಿಲ್ಲ. ನೆಲದ ಮೇಲೆ ಬಿದ್ದ ಒಣ ಎಲೆಯ ದರಗನ್ನು ತಿನ್ನುತ್ತ, ಮೊಣಕಾಲೆತ್ತರ, ಕೆಲವೆಡೆ ಪಾದದೆತ್ತರದ ಕೆಂಪು ಅಂಚೊಂದು ಗುಡ್ಡದ ಅಡ್ಡಕ್ಕೆ ಹರಿಯುತ್ತಿದೆ. ಅದರ ಹಿಂದೆ ಕಪ್ಪು, ಮುಂದೆ ಕಂದು. ದಾಟಿ ಹೋಗಬಹುದು ಅನ್ನಿಸುತ್ತದೆ. ದಾಟಬೇಡಿ.

"ಮೇಲಿಂದ ಇಳೀಬೇಡಿ, ಮಾರಾಯ್ರೆ. ಕಪ್ಪಲ್ಲೇ ನಿಲ್ಲಿ" ಎಂದು ಗಾರ್ಡ್ ಕೂಗುತ್ತಾನೆ. ಕಪ್ಪು ಎಂದರೆ ಸುಟ್ಟಾದ ನೆಲ. ಅಲ್ಲಿ ಮತ್ತೆ ಉರಿಯಲು ಏನೂ ಉಳಿದಿಲ್ಲ. ಬೆಂಕಿ ಏರುವಾಗ ತನ್ನ ಮುಂದಿನ ಎಲೆಗಳನ್ನು ತಾನೇ ಒಣಗಿಸಿಕೊಳ್ಳುತ್ತ ಹೋಗುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡರಷ್ಟಾಗುತ್ತದೆಂಬುದು ಅಗ್ನಿಶಾಸ್ತ್ರದ ಹಳೆಯ ಲೆಕ್ಕ. ಮೊಣಕಾಲೆತ್ತರದ ಈ ಅಂಚು ಹುಲ್ಲಿನ ಬ್ಯಾಣಕ್ಕೆ ತಲುಪಿ ಅಲ್ಲಿ ಗಾಳಿ ಸಿಕ್ಕರೆ ಆಳೆತ್ತರವಾಗಲು ನಿಮಿಷಗಳು ಸಾಕು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕ ಸುಂದರೇಶ್ ಸುಟ್ಟ ಗಾಯಗಳಿಂದ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಬಂಡೀಪುರದಲ್ಲಿ ಇನ್ನೊಬ್ಬ ರಕ್ಷಕ ಮುರಿಗೆಪ್ಪ ತಮ್ಮನಗೋಳ ಹಾಗೆಯೇ ತೀರಿಕೊಂಡರು. ಕೈಯಲ್ಲಿ ಸೊಪ್ಪು ಹಿಡಿದು ಬೆಂಕಿಯೆದುರು ನಿಂತ ಪ್ರತಿಯೊಬ್ಬನಿಗೂ ಈ ಸುದ್ದಿ ಗೊತ್ತು. ಯಾರೂ ಅದರ ಮಾತೆತ್ತುವುದಿಲ್ಲ.

ನಿಮ್ಮ ಕೈಗೂ ಒಂದು ಹಸಿ ಟೊಂಗೆ ಬಂತು. ಹೊಡೆಯುವುದಕ್ಕೂ ಒಂದು ಕ್ರಮವಿದೆ. ಎತ್ತಿ ಬೀಸಿ ಬಡಿದರೆ ಕಿಡಿ ಆಚೆ ಹಾರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಟೊಂಗೆಯನ್ನು ಅಂಚಿನ ಮೇಲಿಟ್ಟು ಕಪ್ಪಿನ ಕಡೆಗೆ ಎಳೆಯಬೇಕು, ಒತ್ತಬೇಕು, ಮತ್ತೆ ಮುಂದಿನ ಹೆಜ್ಜೆ. ಬ್ಲೋವರ್ ಹಿಡಿದವನು ಹತ್ತು ಮಾರು ಮುಂದೆ ಹೋಗಿ ದರಗನ್ನು ಊದಿ ಎರಡಡಿ ಅಗಲದ ಮಣ್ಣಿನ ದಾರಿ ಬಿಡಿಸುತ್ತಾನೆ. ಇಷ್ಟು ಚಿಕ್ಕ ಬೆಂಕಿಗೆ ಆ ಎರಡಡಿ ಸಾಕು. ಜ್ವಾಲೆ ಸುಮಾರು ನಾಲ್ಕಡಿ ದಾಟಿದರೆ ಮಾತ್ರ ಕೈಯಿಂದ ಎದುರಿಸಬಾರದೆಂದು ಪ್ರಪಂಚದ ಎಲ್ಲ ಕಡೆಯ ಬೆಂಕಿಯಾಳುಗಳೂ ಹೇಳುತ್ತಾರೆ. ಆಗ ಹಿಂದಕ್ಕೆ ಸರಿದು, ರಸ್ತೆಯನ್ನೋ ಹಳ್ಳವನ್ನೋ ಆಸರೆ ಮಾಡಿಕೊಂಡು ಎದುರು ಬೆಂಕಿ ಕೊಡುವುದೊಂದೇ ಉಪಾಯ. ಪಂಪಿನ ನೀರು ಅಂಚಿಗೆ ಬೀಳುವುದಿಲ್ಲ. ಅದನ್ನು ಒಣಮರಗಳಿಗೆ, ಕೊರಡುಗಳಿಗೆ ಉಳಿಸಿಕೊಂಡಿದ್ದಾರೆ.

ಅರ್ಧ ಗಂಟೆಯಲ್ಲಿ ಉಸಿರು ಕಟ್ಟುತ್ತದೆ, ಕಣ್ಣಿನಲ್ಲಿ ನೀರು, ಚಪ್ಪಲಿಯ ಅಡಿ ಮೆತ್ತಗಾಗುತ್ತದೆ. ಹೌದು, ವಾಚರ್‌ಗಳಲ್ಲಿ ಇಬ್ಬರು ಬಂದಿರುವುದು ಹವಾಯಿ ಚಪ್ಪಲಿಯಲ್ಲೇ. ಉಪಗ್ರಹಕ್ಕೆ ದೇಶ ಸುರಿದ ದುಡ್ಡಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರ ಸಂದೇಶ ಕೊನೆಗೆ ತಲುಪುವುದು ಈ ಕಾಲುಗಳಿಗೆ. ಅವಕ್ಕೊಂದು ಜೊತೆ ಬೂಟು ಕಾಣದಿದ್ದರೆ ವ್ಯವಸ್ಥೆ ಎಲ್ಲೋ ಅರ್ಧದಲ್ಲಿ ನಿಂತಿದೆ ಎಂದೇ ಲೆಕ್ಕ.

ಆರು ಗಂಟೆಗೆ ಊರಿನವರು ಬರುತ್ತಾರೆ, ಹೇಳಿಕಳಿಸದೆಯೇ. ಕೆಳಗಿನ ತೋಟಗಳಿಗೆ ನೀರು ಬರುವ ಪೈಪು ಇದೇ ಗುಡ್ಡದ ಮೇಲಿನಿಂದ ಹಾದಿದೆ, ಕರಗಿದರೆ ಬೇಸಿಗೆಯಿಡೀ ಕಷ್ಟ. ಬೆಂಕಿ ಹಚ್ಚಿದವರು ಯಾರು ಎಂದು ನೀವು ಕೇಳುತ್ತೀರಿ. ಎಲ್ಲರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಮಲೆನಾಡಿನಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿ ಅಪರೂಪ. ಸಿಡಿಲು ಬರುವಾಗ ಮಳೆಯೂ ಜೊತೆಗಿರುತ್ತದೆ. ಉಳಿದದ್ದೆಲ್ಲ ಮನುಷ್ಯರ ಕೈ. ಹೊಸ ಹುಲ್ಲು ಚಿಗುರಲೆಂದು ಬ್ಯಾಣಕ್ಕೆ ಇಟ್ಟದ್ದು ಕೈಮೀರುತ್ತದೆ, ಜೇನು ಬಿಡಿಸುವ ಸೂಡಿ ಕೆಳಗೆ ಬೀಳುತ್ತದೆ, ರಸ್ತೆಬದಿಯಲ್ಲಿ ಬೀಡಿ ಎಸೆಯುತ್ತಾರೆ, ಶಿಕಾರಿಗೆ ಹೋದವರು ಕಣ್ಣಿಗೆ ಅಡ್ಡವಾದ ಪೊದೆ ಸುಡುತ್ತಾರೆ. ಇವೆಲ್ಲದರ ಜೊತೆಗೆ ಬಾಯಿಬಿಟ್ಟು ಹೇಳದ ಕಾರಣವೊಂದಿದೆ, ಜಮೀನಿನ ಜಗಳ. ಯಾವ ಸರ್ವೆ ನಂಬರು ಕಂದಾಯದ್ದು, ಯಾವುದು ಅರಣ್ಯದ್ದು, ಯಾವುದು ಡೀಮ್ಡ್ ಅರಣ್ಯ ಎಂಬ ಗೊಂದಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳು ವರ್ಷಗಳಿಂದ ಬೇಯುತ್ತಿವೆ. ತೆರವಿನ ನೋಟಿಸು ಬಂದ ಮನೆಯವನಿಗೆ ಕಾಡು ತನ್ನದು ಅನ್ನಿಸುವುದು ಕಷ್ಟ. ಹಾಗೆಂದು ಬೆಂಕಿ ಹಚ್ಚಿದವನನ್ನು ಸಮರ್ಥಿಸಲಾಗದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದು ಅಪರಾಧ. ಇಷ್ಟು ಮಾತ್ರ ನೋಡಿ: ಈ ಹೊತ್ತಿನಲ್ಲಿ ಟೊಂಗೆ ಹಿಡಿದು ನಿಂತವರಲ್ಲಿ ಇಲಾಖೆಯ ಸಂಬಳದವರಿಗಿಂತ ಊರಿನವರೇ ಹೆಚ್ಚು.

ಅಜ್ಜಯ್ಯ ಇನ್ನೊಂದು ಕಾರಣ ಹೇಳುತ್ತಾರೆ, ಬೈಗುಳದ ಧಾಟಿಯಲ್ಲಿ. "ಮುಂಚೆ ಇಷ್ಟೊಂದು ದರಗು ಎಲ್ಲಿತ್ತು? ಗುಡಿಸಿ ಗುಡಿಸಿ ಕೊಟ್ಟಿಗೆಗೆ ಹಾಕ್ತಿದ್ವಿ. ಈಗ ದನ ಯಾರು ಸಾಕ್ತಾರೆ? ಎಲ್ಲ ಇಲ್ಲೇ ಬಿದ್ದಿದೆ, ಬೆಂಕಿ ಬಾ ಅಂತ." ಮೇಡಂ ಟೊಂಗೆ ಬಿಟ್ಟು ಪುಸ್ತಕ ತೆಗೆದು ಅಷ್ಟನ್ನೂ ಬರೆದುಕೊಳ್ಳುತ್ತಾಳೆ. ರಸ್ತೆಗೆ ತಾಗಿದ ಅಕೇಶಿಯಾ ತೋಪಿನಲ್ಲಿ ಅವರ ಮಾತಿಗೆ ಸಾಕ್ಷಿಯಿದೆ: ಬೇಗ ಕೊಳೆಯದ ಆ ಎಲೆ ವರ್ಷದ ಮೇಲೆ ವರ್ಷ ಪದರವಾಗಿ ಕೂತು, ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತದೆ.

ರಾತ್ರಿ ಒಂಬತ್ತಕ್ಕೆ ಅಂಚು ಆರಿದೆ. ಆದರೂ ಯಾರೂ ಇಳಿಯುವುದಿಲ್ಲ. ಟೊಳ್ಳಾದ ಮತ್ತಿಮರವೊಂದು ಒಳಗಿನಿಂದ ಉರಿಯುತ್ತ ತುದಿಯಲ್ಲಿ ಕಿಡಿ ಕಾರುತ್ತಿದೆ. ಅದು ಕಪ್ಪಿನ ಆಚೆ ಬಿದ್ದರೆ ಮಧ್ಯಾಹ್ನದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಪಂಪಿನ ನೀರು ಖರ್ಚಾಗುವುದು ಇದಕ್ಕೇ. ಯಾರೋ ಕಿಗ್ಗದ ಕಡೆ ಮುಖ ಮಾಡಿ ಕೈಮುಗಿಯುತ್ತಾರೆ. ಮಳೆ ಬೇಕಾದಾಗ ಋಷ್ಯಶೃಂಗನನ್ನು ನೆನೆಯುವುದು ಈ ಸೀಮೆಯ ರೂಢಿ, ಸರ್ಕಾರದವರೂ ಬಂದು ಪೂಜೆ ಮಾಡಿಸಿ ಹೋಗುವ ಜಾಗ ಅದು. ನಡುರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಗಾರ್ಡಿನ ಫೋನ್ ಸದ್ದು ಮಾಡುತ್ತದೆ. ಡೆಹ್ರಾಡೂನಿಗೆ ಕಂಡದ್ದು ಆ ಒಂದು ಮತ್ತಿಮರವಿರಬೇಕು.

ಬೆಳಗ್ಗೆ ಏಳಕ್ಕೆ ಮತ್ತೆ ಅದೇ ಗುಡ್ಡ. ನಿನ್ನೆಯ ಗುಂಪು ಮಲಗಿದೆ. ಮೇಡಂ, ಅಜ್ಜಯ್ಯ, ನೀವು ಮೂವರೇ. ಮೇಲಿನ ಮಡಿಲಿನಲ್ಲಿ ಅವಳು ಮೊದಲೇ ಗುರುತು ಹಾಕಿಟ್ಟ ಒಂದು ಚೌಕವಿದೆ. ಅದರೊಳಗಿನ ಪ್ರತಿ ಮರಕ್ಕೂ, ಹೆಬ್ಬೆರಳು ಗಾತ್ರದ ಪ್ರತಿ ಸಸಿಗೂ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಮೇಲೊಂದು ಸಂಖ್ಯೆ. ನಿನ್ನೆಯ ಬೆಂಕಿ ಆ ಚೌಕದ ಅರ್ಧವನ್ನು ತಿಂದು, ಬ್ಲೋವರಿನ ದಾರಿಗೆ ಬಂದು ನಿಂತಿದೆ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು: ಒಂದೇ ಮಣ್ಣು, ಒಂದೇ ಮಳೆ, ಅರ್ಧ ಸುಟ್ಟದ್ದು, ಅರ್ಧ ಸುಡದ್ದು. ಅವಳಿಗೆ ಅದನ್ನು ಹೇಳಿಕೊಳ್ಳಲು ಸಂಕೋಚ.

ಸುಡದ ಕಡೆಯಿಂದ ಶುರು. ನೆಲದ ಮೇಲೆ ದಾರ ಎಳೆದು, ದಾರವನ್ನು ಅಡ್ಡ ಹಾಯುವ ಪ್ರತಿ ಕಡ್ಡಿಯನ್ನೂ ಎಣಿಸಬೇಕು. ಪೆನ್ಸಿಲಿಗಿಂತ ತೆಳುವಾದದ್ದು ಒಂದು ರಾಶಿ, ಹೆಬ್ಬೆರಳಿನಷ್ಟು ದಪ್ಪದ್ದು ಇನ್ನೊಂದು, ತೋಳಿನಷ್ಟಿದ್ದದ್ದು ಮತ್ತೊಂದು. ಈ ವಿಂಗಡಣೆ ದಪ್ಪದ್ದಾದರೂ ಲೆಕ್ಕ ನಿಜಕ್ಕೂ ಹೊತ್ತಿನದು. ಎಲೆ ಮತ್ತು ಸಣ್ಣ ಕಡ್ಡಿ ಗಾಳಿಯ ತೇವವನ್ನು ಒಂದು ಗಂಟೆಯ ಅಳತೆಯಲ್ಲಿ ಹೀರುತ್ತವೆ, ಬಿಡುತ್ತವೆ. ತೋಳಿನ ಗಾತ್ರದ್ದಕ್ಕೆ ನೂರು ಗಂಟೆ, ದೊಡ್ಡ ಕೊರಡಿಗೆ ಸಾವಿರ. ಬೆಳಗ್ಗೆ ಇಬ್ಬನಿಯಲ್ಲಿ ಒದ್ದೆಯಾಗಿದ್ದ ದರಗು ಮಧ್ಯಾಹ್ನ ಮೂರಕ್ಕೆ ಸಿಡಿಮದ್ದಾಗುವುದು ಈ ಒಂದು ಗಂಟೆಯ ಗುಣದಿಂದ. ಒಂದು ಮೀಟರ್ ಚೌಕದ ದರಗನ್ನು ಪೂರ್ತಿ ಬಾಚಿ ಚೀಲಕ್ಕೆ ಹಾಕಿ ತೂಗುತ್ತಾಳೆ. ಪ್ರಯೋಗಾಲಯದಲ್ಲಿ ಅದನ್ನು ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವತನಕ ಒಣಗಿಸಿ, ಮತ್ತೆ ತೂಗಬೇಕು. ಎರಡರ ನಡುವಿನ ವ್ಯತ್ಯಾಸವೇ ನೀರು. ಬೆಂಕಿ ನಾಳೆ ಬರುತ್ತದೋ ಇಲ್ಲವೋ ಎಂಬುದಕ್ಕೆ ಆ ಅಂಕಿಗಿಂತ ಒಳ್ಳೆಯ ಸೂಚನೆಯಿಲ್ಲ.

ಈಗ ಸುಟ್ಟ ಕಡೆಗೆ. ಕಾಂಡಗಳ ಮೇಲಿನ ಮಸಿ ನೋಡಿ. ಗುಡ್ಡದ ಮೇಲ್ಬದಿಗೆ ಮಸಿ ಎತ್ತರ, ಕೆಳಬದಿಗೆ ಗಿಡ್ಡ. ಬೆಂಕಿ ಯಾವ ಕಡೆಯಿಂದ ಬಂತು, ಎಷ್ಟೆತ್ತರವಿತ್ತು ಎಂಬುದನ್ನು ಮರಗಳೇ ಬರೆದಿಟ್ಟಿವೆ. ದೊಡ್ಡ ಮರಗಳೆಲ್ಲ ಹಸಿರಾಗಿಯೇ ನಿಂತಿವೆ. ರಸ್ತೆಯಿಂದ ನೋಡಿದವರಿಗೆ ಏನೂ ಆಗಿಲ್ಲ. ಹಾಗಾದರೆ ಕಾಡಿಗೆ ಏನೂ ಆಗಿಲ್ಲವೇ?

ಕುಕ್ಕರಗಾಲಿನಲ್ಲಿ ಕೂರಿ. ತೊಗಟೆಯೊಳಗಿನ ಜೀವಂತ ಪದರ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತದೆ. ಆ ಬಿಸಿ ಒಳಗೆ ತಲುಪಲು ಬೇಕಾದ ಹೊತ್ತು ತೊಗಟೆಯ ದಪ್ಪದ ವರ್ಗದಂತೆ ಏರುತ್ತದೆ: ದಪ್ಪ ಎರಡರಷ್ಟಿದ್ದರೆ ಹೊತ್ತು ನಾಲ್ಕರಷ್ಟು. ದಪ್ಪ ತೊಗಟೆಯ ಮತ್ತಿಗೆ ನಿನ್ನೆಯ ಬೆಂಕಿ ಲೆಕ್ಕಕ್ಕಿಲ್ಲ. ಪಕ್ಕದಲ್ಲಿದ್ದ ಹೈಗದ ಸಸಿಗೆ ತೊಗಟೆಯೆಂಬುದು ಹೆಸರಿಗಷ್ಟೇ. ಮೇಡಂ ಬೂದಿಯಲ್ಲಿ ಬೆರಳಾಡಿಸುತ್ತಾಳೆ. ಒಂದು ಬಿಲ್ಲೆ ಸಿಗುತ್ತದೆ, ಅದನ್ನು ಕಟ್ಟಿದ್ದ ಸಸಿ ಇಲ್ಲ. ಇನ್ನೊಂದು. ಮತ್ತೊಂದು. ಈ ದೊಡ್ಡ ಮರಗಳು ಸತ್ತಾಗ ಅವುಗಳ ಜಾಗಕ್ಕೆ ಬರಬೇಕಾಗಿದ್ದವು ಇವು. ಕಾಡು ಸುಟ್ಟದ್ದು ನಿನ್ನೆ, ಅದು ಕಣ್ಣಿಗೆ ಬೀಳುವುದು ಐವತ್ತು ವರ್ಷದ ಮೇಲೆ, ಅದೂ ಯುಪಟೋರಿಯಂ ಹಬ್ಬಿದ ಬಯಲಾಗಿ. ಅಮೆಜಾನಿನ ಒದ್ದೆ ಕಾಡುಗಳಲ್ಲಿ ಬೆಂಕಿಯ ಹಿಂದೆ ಬಿದ್ದ ಸಂಶೋಧಕರೂ ಇದನ್ನೇ ಕಂಡರು: ಗೇಣೆತ್ತರದ, ನಿಧಾನವಾಗಿ ತೆವಳುವ ಜ್ವಾಲೆಯೇ ತೆಳು ತೊಗಟೆಯ ಮರಗಳಿಗೆ ಮೃತ್ಯು, ಏಕೆಂದರೆ ಅದು ಪ್ರತಿ ಬುಡದಲ್ಲೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಉಪಗ್ರಹದ ಚಿತ್ರದಲ್ಲಿ ಇದನ್ನು ಅಳೆಯಬಾರದೇ? ಅಳೆಯುತ್ತಾರೆ. ಬೆಂಕಿಗೆ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸಿ, ಕಣ್ಣಿಗೆ ಕಾಣದ ಎರಡು ಬಗೆಯ ಬೆಳಕಿನ ಅನುಪಾತದಿಂದ ಸುಟ್ಟ ನೆಲದ ನಕ್ಷೆ ತೆಗೆಯುವ ವಿಧಾನವಿದೆ, ತೆರೆದ ಹುಲ್ಲುಗಾವಲಿನಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಶೃಂಗೇರಿಯ ಕಡೆ ಮೇಲಿನ ಹಸಿರು ಚಾವಣಿ ಮುಚ್ಚಿರುವುದರಿಂದ ಅಡಿಯ ಕಪ್ಪು ಕಾಣುವುದಿಲ್ಲ. ನರಸಿಂಹರಾಜಪುರದ ಕಡೆ ತೊಂದರೆ ಇದರ ತಿರುಗುಮುರುಗು: ಬೆಂಕಿಯ ಕಾಲಕ್ಕೇ ಸಾಗುವಾನಿ ಎಲೆ ಉದುರಿಸಿ ಬೋಳಾಗುತ್ತದೆ, ಬೋಳಾದದ್ದೋ ಸುಟ್ಟದ್ದೋ ಎಂದು ಚಿತ್ರ ಗಲಿಬಿಲಿಗೊಳ್ಳುತ್ತದೆ. ಕೊನೆಗೆ ಯಾರಾದರೂ ನಡೆದು ಹೋಗಿ ನೋಡಲೇಬೇಕು.

ನಿನ್ನೆ ನೆನಪಿಟ್ಟುಕೊಳ್ಳಿ ಎಂದ ಮಾತು ಈಗ ಬಂತು. ಇದೇ ಬೆಂಕಿ ಮುತ್ತಿನಕೊಪ್ಪದ ಕಾಡಿನಲ್ಲಿ ಬಿದ್ದಿದ್ದರೆ ಕಥೆ ಬೇರೆ. ಒಣಕಾಡಿನ ಎಷ್ಟೋ ಸಸಿಗಳು ಮೇಲೆ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತವೆ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿ ಕಾಂಡವನ್ನೂ ಎಣಿಸಲು ಹಿಡಿದದ್ದು ಇಂಥ ಸಂಗತಿಗಳನ್ನು ತಿಳಿಯಲಿಕ್ಕೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇನ್ನೂ ಮುಂದೆ ಹೋಗುತ್ತಾರೆ: ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಬಂದಣಿಕೆ ಏರಿತು ಎಂಬುದು ಅವರ ವಾದ. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿಗೆ ತಡೆ ಬಿತ್ತು. ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಎಣಿಸಿದಾಗ, 1997ರಲ್ಲಿ ಶೇ 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ಕ್ಕೆ ಶೇ 81ರಷ್ಟರಲ್ಲಿತ್ತು. ಸೋಲಿಗರ ಮಾತನ್ನು ನಾನು ನಂಬುತ್ತೇನೆ. ಅದನ್ನೇ ತಂದು ಕೆರೆಕಟ್ಟೆಯ ಕಾಡಿಗೆ ಅನ್ವಯಿಸುವ ಉತ್ಸಾಹಿಗಳನ್ನು ನಂಬುವುದಿಲ್ಲ. ಬೆಂಕಿ ಕೆಟ್ಟದ್ದೋ ಒಳ್ಳೆಯದೋ ಎಂಬ ಚರ್ಚೆ ಊರೂರಿಗೆ, ಗುಡ್ಡಗುಡ್ಡಕ್ಕೆ ಬೇರೆಯಾಗಬೇಕು. ಅದಕ್ಕೂ ಮೊದಲು ಕೇಳಬೇಕಾದದ್ದು ಎಷ್ಟು ವರ್ಷಕ್ಕೊಮ್ಮೆ ಎಂದು. ಎರಡು ಬೆಂಕಿಗಳ ನಡುವೆ ಸಸಿಯ ತೊಗಟೆ ದಪ್ಪವಾಗುವಷ್ಟು ಬಿಡುವು ಸಿಗುತ್ತದೆಯೇ? ನರೇಂದ್ರನ್ ಕೋದಂಡಪಾಣಿ, ಮಾರ್ಕ್ ಕಾಕ್ರನ್ ಮತ್ತು ಸುಕುಮಾರ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಮುದುಮಲೆ ಪ್ರದೇಶದ ಹಳೆಯ ದಾಖಲೆಗಳನ್ನು ಹೊಸವುಗಳ ಪಕ್ಕ ಇಟ್ಟು ನೋಡಿತು. ಸುಮಾರು 80 ವರ್ಷಗಳಲ್ಲಿ ಬೆಂಕಿ ಬೀಳುವ ಆವರ್ತನ ಮೂರುಪಟ್ಟಾಗಿತ್ತು.

ಈ ಗುಡ್ಡಕ್ಕೆ ಅಂಥ ಹಳೆಯ ದಾಖಲೆ ಎಲ್ಲಿಂದ ತರುವುದು? ಮೇಡಂ ಬೂದಿಯ ಕೈ ಒರೆಸಿಕೊಂಡು ಪುಸ್ತಕದ ಹೊಸ ಪುಟ ತೆರೆಯುತ್ತಾಳೆ.

"ಅಜ್ಜಯ್ಯ, ಈ ಗುಡ್ಡಕ್ಕೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರೋದು ಯಾವ್ಯಾವ ವರ್ಷ?"

"ಇಸವಿ ಗಿಸವಿ ನಂಗೆ ಬರಲ್ಲ ಮೇಡಂ."

"ಇಸವಿ ಬೇಡ. ಆಗ ಊರಲ್ಲಿ ಏನಾಗಿತ್ತು ಹೇಳಿ."

ಅಜ್ಜಯ್ಯ ಎಲೆಯಡಿಕೆಯ ಚೀಲ ಬಿಚ್ಚುತ್ತಾರೆ. "ಇಂದಿರಮ್ಮ ನಮ್ಮ ಚಿಕ್ಕಮಗ್ಳೂರಲ್ಲಿ ನಿಂತು ಗೆದ್ರಲ್ಲ, ಅದರ ಮರುಬೇಸಿಗೆ ಒಂದು ಬಂದಿತ್ತು. ಕೆಳಗಿನ ಬ್ಯಾಣ ಪೂರ್ತಿ ಹೋಯ್ತು." ಆ ಉಪಚುನಾವಣೆ 1978ರ ನವೆಂಬರಿನದು. ಮೇಡಂ 1979 ಎಂದು ಬರೆಯುತ್ತಾಳೆ. "ಆಮೇಲೆ?"

"ಆಮೇಲೆ ಬಹಳ ದಿನ ಇಲ್ಲ. ಕುದುರೆಮುಖದ ಗಣಿ ನಿಂತು ಹುಡುಗರೆಲ್ಲ ವಾಪಸ್ ಬಂದ್ರಲ್ಲ, ಆ ಬೇಸಿಗೆ. ಅದು ದೊಡ್ಡದು."

ಗಣಿ ನಿಂತದ್ದು 2005ರ ಡಿಸೆಂಬರ್ ಕೊನೆಗೆ. ಪುಸ್ತಕದಲ್ಲಿ 2006.

"ಅದಾದ ಮೇಲೆ?"

"ಅದಾದ ಮೇಲೆ ಎಂತ ಲೆಕ್ಕ ಇಡ್ತೀರಿ, ಮಾರಾಯ್ರೆ. ಎರಡು ವರ್ಷಕ್ಕೊಂದು, ಮೂರು ವರ್ಷಕ್ಕೊಂದು. ಬರ್ತಲೇ ಇದೆ."

"ಆದ್ರೂ ಒಂದೊಂದಾಗಿ ಹೇಳಿ ಅಜ್ಜಯ್ಯ, ನಿಧಾನಕ್ಕೆ" ಎಂದು ಅವಳು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾಳೆ.